ಮಳೆಗಾಲದ ಮೆಕ್ಲೋಡ್‌ಗಂಜ್‌ಗೆ ಒಬ್ಬರೇ ಹೋಗುವುದಾದರೆ

ಪ್ರಶ್ನೆ: ನಾನು ಸಾಗರದವಳು, ವಯಸ್ಸು ಇಪ್ಪತ್ತೆಂಟು. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ಆಗಸ್ಟ್‌ನಲ್ಲಿ ಮೂರು ವಾರ ಬಿಡುವು ಸಿಕ್ಕಿದೆ. ಒಬ್ಬಳೇ ಹಿಮಾಚಲಕ್ಕೆ ಹೋಗಿ, ಮೆಕ್ಲೋಡ್‌ಗಂಜ್‌ನಲ್ಲಿ ನಾಲ್ಕು ದಿನ ಇದ್ದು, ತ್ರಿಯುಂಡ್ ಹತ್ತಿ, ಅಲ್ಲಿಂದ ಮನಾಲಿ, ಕಸೋಲ್ ನೋಡಿಕೊಂಡು ಬರುವ ಆಸೆ. ಒಟ್ಟು ಖರ್ಚು 28,000 ರೂಪಾಯಿ ದಾಟಬಾರದು. ಮನೆಯಲ್ಲಿ ಮಳೆಗಾಲದಲ್ಲಿ ಬೇಡವೇ ಬೇಡ ಎನ್ನುತ್ತಾರೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳಿಗೆ ಮಳೆಯ ಭಯವೇನು ಎನ್ನುವುದು ನನ್ನ ವಾದ. ನಿಮ್ಮ ಸಲಹೆ ಏನು?

ಉತ್ತರ: ಹೋಗಬಹುದು, ಆದರೆ ನೀವು ಬರೆದಿರುವ ರೀತಿಯಲ್ಲಿ ಅಲ್ಲ. ಮನಾಲಿಯನ್ನೂ ಕಸೋಲನ್ನೂ ಪಟ್ಟಿಯಿಂದ ತೆಗೆದುಹಾಕಿ, ತ್ರಿಯುಂಡನ್ನು ಇನ್ನೊಂದು ಸಲಕ್ಕೆ ಬಿಟ್ಟು, ನಿಮ್ಮ ಕೈಯಲ್ಲಿರುವ ದಿನಗಳನ್ನೆಲ್ಲ ಮೆಕ್ಲೋಡ್‌ಗಂಜ್ ಒಂದಕ್ಕೇ ಕೊಡುವುದಾದರೆ, ಇದು ನಿಮ್ಮ ಹಣಕ್ಕೂ ಹೊಂದುವ, ಮನೆಯವರಿಗೂ ಒಪ್ಪಿಸಬಹುದಾದ ಪ್ರವಾಸವಾಗುತ್ತದೆ. ಮಳೆಗಾಲದ ಹಿಮಾಲಯದಲ್ಲಿ ಅಪಾಯವಿರುವುದು ಹೆಚ್ಚಾಗಿ ಊರಿನಿಂದ ಊರಿಗೆ ಹೋಗುವ ದಾರಿಯಲ್ಲಿ. ಹಣ ಸೋರುವುದೂ ಅಲ್ಲಿಯೇ. ಒಂದೇ ಕಡೆ ನೆಲೆ ನಿಂತವರಿಗೆ ಕೋಣೆಯ ಬಾಡಿಗೆ ಇಳಿಯುತ್ತದೆ, ಊಟದ ಜಾಗ ಗೊತ್ತಾಗುತ್ತದೆ, ಅದಕ್ಕಿಂತ ಮುಖ್ಯವಾಗಿ, ದಾರಿ ಕೆಟ್ಟ ದಿನ ಹೊರಡದೆ ಸುಮ್ಮನೆ ಕುಳಿತಿರುವ ಸ್ವಾತಂತ್ರ್ಯ ಇರುತ್ತದೆ. ಕಡಿಮೆ ಖರ್ಚಿನಲ್ಲಿ ತಿರುಗುವವರು ತೊಂದರೆಗೆ ಸಿಕ್ಕಿಕೊಳ್ಳುವುದು ಬಹುತೇಕ ಈ ಸ್ವಾತಂತ್ರ್ಯವನ್ನು ಕಳೆದುಕೊಂಡಾಗ. ಮುಂದಿನ ಊರಿನ ಕೋಣೆಗೆ ಮುಂಗಡ ಕೊಟ್ಟಾಗಿದೆ, ಬಸ್ಸಿನ ಟಿಕೆಟ್ ವಾಪಸಾಗುವುದಿಲ್ಲ, ಆದ್ದರಿಂದ ಮಳೆ ಹೊಡೆಯುತ್ತಿದ್ದರೂ ಹೊರಟುಬಿಡೋಣ ಎಂಬ ಲೆಕ್ಕಾಚಾರ ಅವರನ್ನು ಘಾಟಿಯ ರಸ್ತೆಗೆ ತಳ್ಳುತ್ತದೆ.

ಮಲೆನಾಡಿನ ಮಳೆ ಕಂಡವಳು ಎಂಬ ನಿಮ್ಮ ಮಾತನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಅದರಲ್ಲಿ ಸತ್ಯವೂ ಇದೆ, ಮೋಸ ಹೋಗುವ ಸಾಧ್ಯತೆಯೂ ಇದೆ. ಮೆಕ್ಲೋಡ್‌ಗಂಜ್‌ನ ಕೆಳಗಿರುವ, ಕಾಂಗ್ರಾ ಜಿಲ್ಲೆಯ ಕೇಂದ್ರವಾದ ಧರ್ಮಶಾಲಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 3,000 ಮಿ.ಮೀ. ಆಗುಂಬೆ, ಹುಲಿಕಲ್‌ಗಳಲ್ಲಿ ಇದರ ಎರಡು ಪಟ್ಟು ಮೀರಿ ಸುರಿಯುತ್ತದೆ. ಮಳೆ ಬರುವ ಕಾರಣವೂ ಎರಡೂ ಕಡೆ ಒಂದೇ: ಅರಬ್ಬೀ ಸಮುದ್ರದ ಮೋಡಕ್ಕೆ ಸಹ್ಯಾದ್ರಿ ಅಡ್ಡ ನಿಂತಂತೆ, ಬಯಲಿನಿಂದ ಬರುವ ತೇವದ ಗಾಳಿಗೆ ಅಲ್ಲಿ ಧೌಲಾಧಾರ್ ಪರ್ವತಸಾಲು ಅಡ್ಡ ನಿಲ್ಲುತ್ತದೆ. ಕಾಂಗ್ರಾ ಕಣಿವೆಯಿಂದ ಮೇಲೆ ಸಣ್ಣಪುಟ್ಟ ಗುಡ್ಡಗಳ ಸಾಲು ಸಾಲು ಮೆಟ್ಟಿಲುಗಳಿಲ್ಲ. ಕಣಿವೆಯ ಅಂಚಿನಿಂದ ಒಮ್ಮೆಲೇ ಗೋಡೆ ಎದ್ದಂತೆ ಎದ್ದು ಶಿಖರಗಳು 4,000 ಮೀಟರ್ ದಾಟುತ್ತವೆ. ಆ ಗೋಡೆಯ ಕಾಲ ಬುಡದಲ್ಲಿ, ಸುಮಾರು 1,800 ಮೀಟರ್ ಎತ್ತರದಲ್ಲಿ ಮೆಕ್ಲೋಡ್‌ಗಂಜ್ ಇದೆ. ವರ್ಷದ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜುಲೈ, ಆಗಸ್ಟ್ ಎರಡೇ ತಿಂಗಳಲ್ಲಿ ಬಂದುಬಿಡುತ್ತದೆ.

ವ್ಯತ್ಯಾಸವಿರುವುದು ನೆಲದಲ್ಲಿ. ಸಹ್ಯಾದ್ರಿ ಹಳೆಯ ಗಟ್ಟಿ ಬಂಡೆಯ ಬೆಟ್ಟ. ಕಾಡು ಉಳಿದಿರುವಲ್ಲಿ ಅದರ ಮಣ್ಣು ವಾರಗಟ್ಟಲೆ ಸುರಿಯುವ ಮಳೆಯನ್ನೂ ತಾಳಿಕೊಳ್ಳುತ್ತದೆ. ಹಾಗಿದ್ದೂ 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತೇ ಇದೆ. ಧೌಲಾಧಾರದ ಬುಡವಾದರೋ ಎಳೆಯ ಪರ್ವತದ, ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ನುರಿದುಹೋದ ಕಲ್ಲಿನ ಇಳಿಜಾರು. ಅದರಲ್ಲಿ ಎಷ್ಟೋ ಭಾಗ ಹಿಂದೆಂದೋ ಕುಸಿದು ಬಂದ ಮಣ್ಣುಕಲ್ಲಿನ ರಾಶಿಯೇ. 1905ರ ಏಪ್ರಿಲ್ 4ರ ಕಾಂಗ್ರಾ ಭೂಕಂಪದಲ್ಲಿ ಸುಮಾರು 20,000 ಜನ ಸತ್ತ ಪ್ರದೇಶವಿದು. ಅಂಥ ನೆಲದ ಮೇಲೆ ಬಹುಮಹಡಿ ಕಟ್ಟಡಗಳು ಒತ್ತೊತ್ತಾಗಿ ಎದ್ದಿವೆ, ನೀರು ಹರಿಯುವ ದಾರಿಗಳು ಕಿರಿದಾಗಿವೆ. 2021ರ ಜುಲೈ 12ರಂದು ಮೆಕ್ಲೋಡ್‌ಗಂಜ್‌ನ ಪಕ್ಕದ ಭಾಗ್ಸುನಾಗ್‌ನಲ್ಲಿ ಒಂದು ಸಣ್ಣ ಹಳ್ಳ ಉಕ್ಕಿ, ದಂಡೆಯಲ್ಲಿ ನಿಲ್ಲಿಸಿದ್ದ ಕಾರುಗಳನ್ನು ಕೊಚ್ಚಿಕೊಂಡು ಹೋಯಿತು. ಅದೇ ದಿನ ಅದೇ ಜಿಲ್ಲೆಯ ಬೋಹ್ ಕಣಿವೆಯಲ್ಲಿ ಗುಡ್ಡ ಕುಸಿದು ಜೀವಹಾನಿಯಾಯಿತು. ಆದ್ದರಿಂದ ನೀವು ಎಚ್ಚರದಿಂದ ಗಮನಿಸಬೇಕಾದದ್ದು ತಲೆಯ ಮೇಲೆ ಬೀಳುವ ಮಳೆಗಿಂತ ಹೆಚ್ಚಾಗಿ ಕಾಲ ಕೆಳಗಿನ ಮತ್ತು ಬೆನ್ನ ಹಿಂದಿನ ಗುಡ್ಡವನ್ನು.

ಇನ್ನೊಂದು ಸಂಗತಿಯನ್ನು ದಕ್ಷಿಣದವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಆಗಸ್ಟ್‌ನಲ್ಲಿ, ಆಶ್ಲೇಷ, ಮಘೆ ಮಳೆಗಳ ಕಾಲದಲ್ಲಿ, ನಮ್ಮ ಕಡೆ ಕೆಲವು ದಿನ ಮಳೆ ಬಿಡುವು ಕೊಟ್ಟು ಬಿಸಿಲು ಕಾಣಿಸಿಕೊಳ್ಳುವುದುಂಟು. ಮುಂಗಾರಿನ ವಾಯುಭಾರ ಕುಸಿತದ ಪಟ್ಟಿ ಆಗ ಉತ್ತರಕ್ಕೆ ಸರಿದು ಹಿಮಾಲಯದ ತಪ್ಪಲಿಗೆ ಅಂಟಿಕೊಂಡಿರುತ್ತದೆ. ನಮ್ಮಲ್ಲಿ ಮಳೆ ಕಡಿಮೆಯಾದ ಆ ದಿನಗಳಲ್ಲೇ ಹಿಮಾಲಯದ ತಪ್ಪಲಿನಲ್ಲಿ ಭಾರಿ ಮಳೆಯಾಗುತ್ತದೆ. ಊರಿನಲ್ಲಿ ಹೊಳವಾಗಿದೆ, ಇನ್ನು ಅಲ್ಲಿಯೂ ಕಡಿಮೆಯಾಗಿರಬೇಕು ಎಂದು ಅಂದಾಜಿಸಿ ಹೊರಡುವುದು ನೇರ ತಲೆಕೆಳಗಾದ ಲೆಕ್ಕವಾಗುತ್ತದೆ. ಹೊರಡುವ ಮೊದಲೂ, ಅಲ್ಲಿರುವಷ್ಟು ದಿನವೂ, ಭಾರತ ಹವಾಮಾನ ಇಲಾಖೆಯ ಕಾಂಗ್ರಾ ಜಿಲ್ಲೆಯ ಮುನ್ಸೂಚನೆಯನ್ನೇ ನೋಡಿ. ಹಳದಿ ಎಚ್ಚರಿಕೆ ಇದ್ದ ದಿನ ಊರೊಳಗೆ ಕೊಡೆ ಹಿಡಿದು ಓಡಾಡಿ. ಕಿತ್ತಳೆ ಇದ್ದ ದಿನ ಯಾವ ಬಸ್ಸನ್ನೂ ಹತ್ತಬೇಡಿ. ಕೆಂಪು ಇದ್ದ ದಿನ ಕೋಣೆ, ಊಟದ ಜಾಗ ಇಷ್ಟರಲ್ಲೇ ಇರಿ. ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಧಿಕ. ಮಲೆನಾಡಿನ ಕಣ್ಣಿಗೆ ಮೊದಲನೆಯದು ಮಾಮೂಲಿ ಜಡಿಮಳೆ ಎನ್ನಿಸಬಹುದು, ಧೌಲಾಧಾರದ ಮಗ್ಗುಲಿನಲ್ಲಿ ಅದನ್ನು ಮಾಮೂಲಿ ಎಂದುಕೊಳ್ಳಬೇಡಿ.

ಮನಾಲಿ ಮತ್ತು ಕಸೋಲ್ ಬೇಡ ಎಂದದ್ದಕ್ಕೆ ಕಾರಣ ಸರಳ. ಕಾಂಗ್ರಾದಿಂದ ಅಲ್ಲಿಗೆ ಹೋಗುವ ದಾರಿ ಮಂಡಿಯ ಮೂಲಕ, ಬಿಯಾಸ್ ನದಿಯ ಅಂಚಿನಲ್ಲೇ ಸಾಗುತ್ತದೆ. ಅದರಲ್ಲೂ ಮಂಡಿಯಿಂದ ಪಂಡೋಹ್ ದಾಟಿ ಔಟ್‌ವರೆಗಿನ ಭಾಗ ಮಳೆಗಾಲದಲ್ಲಿ ಮತ್ತೆ ಮತ್ತೆ ಮುಚ್ಚುತ್ತದೆ. 2023ರ ಜುಲೈನಲ್ಲಿ ಬಿಯಾಸ್ ಉಕ್ಕಿ ಹೆದ್ದಾರಿಯ ತುಂಡುಗಳೇ ನದಿಪಾಲಾಗಿ ಸಾವಿರಾರು ಪ್ರವಾಸಿಗರು ದಿನಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರು. ಜೊತೆಗೊಬ್ಬರಿದ್ದರೆ ಅಂಥ ಹೊತ್ತಿನಲ್ಲಿ ಒಬ್ಬರು ಸಾಮಾನು ಕಾಯಬಹುದು, ಇನ್ನೊಬ್ಬರು ನೀರು, ಊಟ ಹುಡುಕಬಹುದು. ಒಬ್ಬರೇ ಇದ್ದಾಗ, ಕತ್ತಲಲ್ಲಿ ನಿಂತ ಬಸ್ಸಿನೊಳಗೆ, ಮೊಬೈಲಿನ ಚಾರ್ಜ್ ಮುಗಿಯುತ್ತಿರುವಾಗ, ಎಲ್ಲ ನಿರ್ಧಾರಗಳೂ ನಿಮ್ಮದೇ ಆಗುತ್ತವೆ. ಆ ಪರಿಸ್ಥಿತಿಯನ್ನು ತಾನಾಗಿ ಕರೆದುಕೊಳ್ಳುವ ಅಗತ್ಯವಿಲ್ಲ.

ತ್ರಿಯುಂಡ್ ಬಗ್ಗೆ. ಅದು ಸುಮಾರು 2,850 ಮೀಟರ್ ಎತ್ತರದ ಹುಲ್ಲುಗಾವಲಿನ ಏಣು. ಒಣ ದಿನಗಳಲ್ಲಿ ನಡೆದು ಅಭ್ಯಾಸವಿರುವ ಯಾರಿಗೂ ಕಷ್ಟದ ಚಾರಣವಲ್ಲ. ಆದರೆ ಮಳೆಗಾಲದಲ್ಲಿ ಕಾಂಗ್ರಾ ಜಿಲ್ಲಾಡಳಿತ ಸಾಮಾನ್ಯವಾಗಿ ಚಾರಣವನ್ನು ನಿಷೇಧಿಸಿ ಆದೇಶ ಹೊರಡಿಸುತ್ತದೆ, ಮತ್ತು ಆ ಆದೇಶದ ಹಿಂದೆ ಕಾರಣಗಳಿವೆ. ದಾರಿಯ ಮೇಲ್ಭಾಗದಲ್ಲಿ ಸಡಿಲ ಕಲ್ಲು ಉರುಳುತ್ತದೆ, ಮಂಜು ಮುಸುಕಿದರೆ ಹತ್ತು ಹೆಜ್ಜೆ ಮುಂದೆ ಏನಿದೆ ಕಾಣದು, ಬೋಳು ಏಣಿನ ಮೇಲೆ ಸಿಡಿಲಿಗೆ ಮರೆಯಿಲ್ಲ. ಪೇಟೆಯಲ್ಲಿ ಯಾರಾದರೂ ‘ಪರವಾಗಿಲ್ಲ, ಬೆಳಗಿನ ಜಾವ ಒಳದಾರಿಯಲ್ಲಿ ಕರೆದುಕೊಂಡು ಹೋಗುತ್ತೇನೆ’ ಎಂದರೆ ಒಪ್ಪಬೇಡಿ. ನಡೆಯಲೇಬೇಕೆಂದಿದ್ದರೆ ಮೆಕ್ಲೋಡ್‌ಗಂಜ್‌ನ ಮೇಲಿನ ಹಳ್ಳಿ ಧರಮ್‌ಕೋಟ್‌ವರೆಗಿನ ದೇವದಾರು ಕಾಡಿನ ರಸ್ತೆ, ಅಲ್ಲಿಂದ ನಡ್ಡಿಯ ಕಡೆಗಿನ ಹಾದಿ, ಹೊಳವಾದ ಬೆಳಿಗ್ಗೆಯಾದರೆ ಗಲ್ಲು ದೇವಿ ಗುಡಿಯವರೆಗೆ, ಇಷ್ಟು ಧಾರಾಳ ಸಾಕು. ಇಂಬಳ ನಿಮಗೆ ಹೊಸದಲ್ಲ, ಆ ಕಾಡಿನಲ್ಲಿಯೂ ಇದೆ, ಆದರೆ ನಮ್ಮ ಕಡೆಯಷ್ಟು ಕಾಟವಿಲ್ಲ.

ಭಾಗ್ಸು ಜಲಪಾತವನ್ನು ದೂರದಿಂದ ನೋಡಿ ತೃಪ್ತರಾಗಿ. ಅಲ್ಲಿನವರು ಹಳ್ಳವನ್ನು ‘ಖಡ್’ ಎನ್ನುತ್ತಾರೆ. ಬಂಡೆಗಳ ನಡುವೆ ಮೊಣಕಾಲಷ್ಟು ನೀರು ಹರಿಯುತ್ತಿರುವ ಖಡ್, ನೀವು ನಿಂತಲ್ಲಿ ಒಂದು ಹನಿ ಬೀಳದಿದ್ದರೂ, ಮೇಲೆಲ್ಲೋ ಬಿದ್ದ ಮಳೆಗೆ ನಿಮಿಷಗಳಲ್ಲಿ ಏರುತ್ತದೆ. ನೀರಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಗಾದರೆ, ಎಲೆಕಡ್ಡಿ ತೇಲಿ ಬರತೊಡಗಿದರೆ, ಕಲ್ಲು ಉರುಳುವ ಗುಡುಗುಡು ಸದ್ದು ಕೇಳಿದರೆ, ಚಪ್ಪಲಿ, ಬ್ಯಾಗು ನೋಡದೆ ಮೇಲಕ್ಕೆ ಹತ್ತಬೇಕು. ಶರಾವತಿಯ ಸೀಮೆಯಿಂದ ಬಂದ ನಿಮಗೆ ಹೊಳೆಯ ಸ್ವಭಾವ ಗೊತ್ತು, ಆದರೆ ಈ ಹಳ್ಳಗಳ ಇಳಿಜಾರು ಬಹಳ ಕಡಿದು. ಇಲ್ಲಿ ಏರುವ ನೀರು ಮುನ್ಸೂಚನೆಗೆ ಕೊಡುವ ಸಮಯ ತೀರಾ ಕಡಿಮೆ.

ಈಗ ದಾರಿ ಮತ್ತು ಹಣ. ಸಾಗರದಿಂದ ರೈಲಿನಲ್ಲೇ ಬೆಂಗಳೂರು ಸೇರಿ, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು ದೆಹಲಿ, ದೆಹಲಿಯಿಂದ ರಾತ್ರಿ ರೈಲಿನಲ್ಲಿ ಪಠಾಣ್‌ಕೋಟ್, ಪಠಾಣ್‌ಕೋಟ್‌ನಿಂದ ಹಗಲು ಬಸ್ಸಿನಲ್ಲಿ ಸುಮಾರು 85 ಕಿ.ಮೀ. ಧರ್ಮಶಾಲಾ: ನಾನು ಸೂಚಿಸುವ ಕ್ರಮ ಇದು. ದೆಹಲಿಯ ಕಾಶ್ಮೀರಿ ಗೇಟ್ ಬಸ್ ನಿಲ್ದಾಣದಿಂದಲೂ, ಮಜ್ನು ಕಾ ಟೀಲಾದ ಟಿಬೆಟನ್ ಕಾಲೊನಿಯಿಂದಲೂ ನೇರ ರಾತ್ರಿ ಬಸ್ಸುಗಳಿವೆ, ಅವು ಅನುಕೂಲವೂ ಹೌದು. ಆದರೆ ಅವು ಗುಡ್ಡದ ರಸ್ತೆಗೆ ಸೇರುವುದು ನಸುಕಿನ ಕತ್ತಲಲ್ಲಿ. ಮಳೆಗಾಲದಲ್ಲಿ ಗುಡ್ಡದ ದಾರಿಯನ್ನು ಹಗಲಿನಲ್ಲಿ, ಚಾಲಕನಿಗೆ ಮೇಲಿನ ಇಳಿಜಾರು ಕಾಣುವ ಹೊತ್ತಿನಲ್ಲಿ ಕ್ರಮಿಸುವುದೇ ಲೇಸು. ಪಠಾಣ್‌ಕೋಟ್‌ನಲ್ಲಿ ಜಂಕ್ಷನ್ ಮತ್ತು ಕಂಟೋನ್ಮೆಂಟ್ ಎಂದು ಎರಡು ನಿಲ್ದಾಣಗಳಿವೆ, ಟಿಕೆಟ್ ತೆಗೆಯುವಾಗ ಯಾವುದೆಂದು ನೋಡಿಕೊಳ್ಳಿ. ಕಾಂಗ್ರಾ ಕಣಿವೆಯ ಪುಟ್ಟ ರೈಲಿನ ಚಿತ್ರಗಳನ್ನು ನೀವು ನೋಡಿರಬಹುದು. 1929ರಲ್ಲಿ ಪೂರ್ಣಗೊಂಡ ಆ ಕಿರುಮಾರ್ಗದ ಚಕ್ಕಿ ಸೇತುವೆ 2022ರ ಆಗಸ್ಟ್‌ನಲ್ಲಿ ಪ್ರವಾಹಕ್ಕೆ ಕುಸಿಯಿತು, ಮಳೆಗಾಲದಲ್ಲಿ ಆ ಮಾರ್ಗದ ಸಂಚಾರ ಆಗಾಗ ನಿಲ್ಲುತ್ತದೆ, ಆದ್ದರಿಂದ ಅದನ್ನು ನಂಬಿಕೊಂಡು ಯೋಜನೆ ಹಾಕಬೇಡಿ. ಧರ್ಮಶಾಲಾ ಬಳಿಯ ಗಗ್ಗಲ್ ವಿಮಾನ ನಿಲ್ದಾಣದ ಮಾತೂ ಹಾಗೆಯೇ, ಮೋಡ ಕವಿದ ದಿನ ವಿಮಾನಗಳು ರದ್ದಾಗುತ್ತವೆ. ಧರ್ಮಶಾಲಾದ ಕೆಳಪೇಟೆಯಿಂದ ಮೆಕ್ಲೋಡ್‌ಗಂಜ್‌ಗೆ ಸ್ಥಳೀಯ ಬಸ್ಸು, ಷೇರ್ ಟ್ಯಾಕ್ಸಿ ಸಿಗುತ್ತವೆ. 2022ರಿಂದ ರೋಪ್‌ವೇ ಕೂಡ ಇದೆ, ಆದರೆ ಜೇಬಿಗೆ ಹಗುರವಾದದ್ದು ಬಸ್ಸೇ.

ಹೀಗೆ ಹೋಗಿಬರುವುದಕ್ಕೆ, ಎ.ಸಿ. ಮೂರನೇ ದರ್ಜೆಯ ಟಿಕೆಟ್ ಹಿಡಿದು, ಒಟ್ಟು 8,000 ರೂಪಾಯಿ ತೆಗೆದಿಡಿ. ಸ್ಲೀಪರ್‌ನಲ್ಲಿ ಸಾಕಷ್ಟು ಉಳಿಯುತ್ತದೆ, ಆದರೆ ಎರಡು ರಾತ್ರಿಯ ದಾರಿಯಲ್ಲಿ ಒಬ್ಬರೇ ನಿದ್ದೆ ಮಾಡಬೇಕಾದವರು ಅಲ್ಲಿ ಉಳಿತಾಯ ಮಾಡದಿರುವುದು ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ದಾರಿಗೆ ಎರಡೂ ಕಡೆ ಸೇರಿ ಎಂಟು ದಿನ ಹೋದರೆ, ಅಲ್ಲಿ ಹನ್ನೆರಡು ರಾತ್ರಿ ಉಳಿಯುತ್ತವೆ. ಕೋಣೆ, ಮೂರು ಹೊತ್ತಿನ ಊಟ, ಚಹಾ, ಸಣ್ಣಪುಟ್ಟ ಓಡಾಟ ಎಲ್ಲ ಸೇರಿ ದಿನಕ್ಕೆ 1,300 ರೂಪಾಯಿಯ ಮಿತಿ ಹಾಕಿಕೊಂಡರೆ 15,600. ಉಳಿಯುವ 4,400 ರೂಪಾಯಿಯನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಲೇಬೇಡಿ. ದಾರಿ ಮುಚ್ಚಿ ಎರಡು ದಿನ ಹೆಚ್ಚು ಉಳಿಯಬೇಕಾದರೆ, ತಪ್ಪಿದ ರೈಲಿಗೆ ಬದಲು ಟಿಕೆಟ್ ಕೊಳ್ಳಬೇಕಾದರೆ, ವೈದ್ಯರಲ್ಲಿಗೆ ಹೋಗಬೇಕಾದರೆ ಇರುವ ಹಣ ಅದು. ಕೊನೆಯ ದಿನ ಅದು ಹಾಗೆಯೇ ಉಳಿದಿದ್ದರೆ ದೆಹಲಿಯಲ್ಲಿ ಖರ್ಚು ಮಾಡಲು ಅಡ್ಡಿಯಿಲ್ಲ.

ಕೋಣೆಯ ಆಯ್ಕೆಯಲ್ಲಿ ಆತುರ ಬೇಡ. ಮೊದಲ ಎರಡು ರಾತ್ರಿಗೆ ಮಾತ್ರ, ಮಹಿಳೆಯರಿಗೇ ಮೀಸಲಾದ ಡಾರ್ಮಿಟರಿಯ ಹಾಸಿಗೆಯನ್ನೋ ಮುಖ್ಯ ಚೌಕದ ಹತ್ತಿರದ ಸಾಧಾರಣ ಗೆಸ್ಟ್‌ಹೌಸನ್ನೋ ಊರಿನಿಂದಲೇ ಕಾದಿರಿಸಿ, ಉಳಿದ ದಿನಗಳಿಗೆ ಅಲ್ಲಿಗೆ ಹೋಗಿ ಕಣ್ಣಾರೆ ಕಂಡು ಹಿಡಿಯಿರಿ. ಆಗಸ್ಟ್‌ನಲ್ಲಿ ವಾರದ ದಿನಗಳಂದು ಕೋಣೆಗಳು ಖಾಲಿ ಇರುತ್ತವೆ, ಹತ್ತು ದಿನಕ್ಕೆ ಎಂದು ಕೇಳಿದರೆ ಬಾಡಿಗೆ ಇಳಿಸುತ್ತಾರೆ. ಶನಿವಾರ, ಭಾನುವಾರ, ಸ್ವಾತಂತ್ರ್ಯ ದಿನದ ರಜೆಯಲ್ಲಿ ಮಾತ್ರ ಪಂಜಾಬ್, ದೆಹಲಿಯ ಕಾರುಗಳು ತುಂಬಿ ದರ ಏರುತ್ತದೆ, ಅದಕ್ಕೆ ಮುಂಚೆಯೇ ಮಾತು ಮುಗಿಸಿಕೊಳ್ಳಬೇಕು. ಕೋಣೆ ನೋಡುವ ಮೊದಲು ಕಟ್ಟಡದ ಸುತ್ತ ಒಂದು ಸಲ ನಡೆಯಿರಿ. ಹಿಂದೆ ಗುಡ್ಡ ಕಡಿದ ಹಸಿಮಣ್ಣು ಬೆತ್ತಲೆ ನಿಂತಿದೆಯೇ, ತಡೆಗೋಡೆ ಹೊಟ್ಟೆ ಉಬ್ಬಿಸಿಕೊಂಡಿದೆಯೇ, ಅದರ ನೀರುಕಿಂಡಿಗಳು ಮುಚ್ಚಿಹೋಗಿವೆಯೇ, ಮೇಲಿನ ಮರಗಳೂ ವಿದ್ಯುತ್ ಕಂಬಗಳೂ ಓರೆಯಾಗಿವೆಯೇ, ಕಟ್ಟಡ ಖಡ್‌ನ ದಂಡೆಗೇ ಅಂಟಿಕೊಂಡಿದೆಯೇ ಎಂದು ನೋಡಿ. ಇವುಗಳಲ್ಲಿ ಒಂದು ಕಂಡರೂ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ. ತಡೆಗೋಡೆಯ ಕಿಂಡಿಯಿಂದ ತಿಳಿನೀರು ಬರುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಕೆಸರುನೀರು ಬರುತ್ತಿದ್ದರೆ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದರ್ಥ.

ಒಳಗೆ ಹೋದ ಮೇಲೆ ಹಾಸಿಗೆಯ ತಲೆದಿಂಬಿನ ಹಿಂದಿನ ಗೋಡೆಗೆ ಅಂಗೈ ಒತ್ತಿ ನೋಡಿ. ಗುಡ್ಡಕ್ಕೆ ತಾಗಿ ಕಟ್ಟಿದ ನೆಲಮಹಡಿಯ ಕೋಣೆಗಳಲ್ಲಿ ಗೋಡೆ ನೀರು ಕುಡಿದು ತಣ್ಣಗೆ ಜಿನುಗುತ್ತಿರುತ್ತದೆ, ಸುಣ್ಣ ಪೊರೆ ಏಳುತ್ತಿರುತ್ತದೆ, ಮೂಲೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳಿರುತ್ತವೆ. ಕಂಬಳಿಯನ್ನು ಮೂಗಿನ ಹತ್ತಿರ ಹಿಡಿದರೆ ಉಳಿದದ್ದು ತಿಳಿಯುತ್ತದೆ. ಅಂಥ ಕೋಣೆಯಲ್ಲಿ ಹತ್ತು ದಿನ ಮಲಗಿದರೆ ಕೆಮ್ಮು ಹಿಡಿಯುವುದು ಖಂಡಿತ. ಒಂದೆರಡು ಮಹಡಿ ಮೇಲಿನ, ಕಣಿವೆಯ ಕಡೆ ಕಿಟಕಿಯಿರುವ, ಗಾಳಿಯಾಡುವ ಕೋಣೆಗೆ ದಿನಕ್ಕೆ ನೂರಿನ್ನೂರು ಹೆಚ್ಚು ಕೊಡುವುದು ದುಂದಲ್ಲ. ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದು ಗಾಳಿಗೆ ಕಿಂಡಿ ಇಲ್ಲದಿದ್ದರೆ ಆ ಕೋಣೆ ಬೇಡ, ಮುಚ್ಚಿದ ಬಚ್ಚಲಿನಲ್ಲಿ ಸೇರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ವಿದ್ಯುತ್ ಗೀಸರ್ ಆದರೆ ನೀರು ಕಾದ ಮೇಲೆ ಸ್ವಿಚ್ ಆರಿಸಿ ಸ್ನಾನಕ್ಕೆ ಇಳಿಯಿರಿ. ನೋಂದಣಿಗೆ ಆಧಾರ್‌ನ ಪ್ರತಿ ಕೊಡಿ, ಮೂಲ ಕಾರ್ಡನ್ನು ಯಾರ ಕೈಯಲ್ಲೂ ಬಿಡಬೇಡಿ.

ಬಟ್ಟೆಯ ವಿಷಯವನ್ನು ಮಲೆನಾಡಿನವರಿಗೆ ಹೆಚ್ಚು ಹೇಳಬೇಕಿಲ್ಲ. ಜೀನ್ಸ್, ದಪ್ಪ ಹತ್ತಿಯ ಬಟ್ಟೆ ಮನೆಯಲ್ಲೇ ಇರಲಿ, ಒಗೆದರೆ ಅಲ್ಲಿರುವಷ್ಟು ದಿನ ಒಣಗುವುದಿಲ್ಲ. ಬೇಗ ಒಣಗುವ ಬಟ್ಟೆ, ಒಂದು ಸ್ವೆಟರ್, ಗಟ್ಟಿ ಕೊಡೆ, ಹಿಡಿತವಿರುವ ಎರಡು ಜೊತೆ ಪಾದರಕ್ಷೆ, ಟಾರ್ಚು, ಪವರ್ ಬ್ಯಾಂಕು, ಕಾಲುಬೆರಳ ಸಂದಿಗೆ ಶಿಲೀಂಧ್ರ ತಡೆಯುವ ಪುಡಿ ಮತ್ತು ಓಆರ್‌ಎಸ್ ಸಾಕು. ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ, ಹಸಿ ತರಕಾರಿ, ಬೀದಿಯ ಚಟ್ನಿ ಬಿಡಿ. ಪರ್ವತದ ಎತ್ತರದಿಂದ ಬರುವ ತಲೆಸುತ್ತಿನ ಭಯ ಈ ಊರಿನಲ್ಲಿಲ್ಲ, ಮಳೆಗಾಲದಲ್ಲಿ ಹೊಟ್ಟೆಯದೇ ಭಯ. ಪ್ರಿಪೇಯ್ಡ್ ಸಿಮ್ ಹಿಮಾಚಲದಲ್ಲಿ ನಡೆಯುತ್ತದೆ, ಆದರೆ ವಿದ್ಯುತ್ತೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ದಿನಗಳಿರುವುದರಿಂದ ಮೂರು ದಿನಕ್ಕಾಗುವಷ್ಟು ನಗದು ಯಾವಾಗಲೂ ಬಳಿಯಲ್ಲಿರಲಿ.

ಹನ್ನೆರಡು ದಿನ ಒಂದೇ ಊರಿನಲ್ಲಿ ಏನು ಮಾಡುವುದು ಎಂದು ನೀವು ಕೇಳಬಹುದು. ಇಷ್ಟು ಚಿಕ್ಕ ಊರಿನಲ್ಲಿ ಮಳೆಯಲ್ಲೂ ಮಾಡಲು ಇಷ್ಟೊಂದು ಇರುವ ಇನ್ನೊಂದು ಗಿರಿಧಾಮವನ್ನು ನಾನು ಕಾಣೆ, ಮತ್ತು ಅದಕ್ಕೆ ಕಾರಣ 1960ರಿಂದ ಇಲ್ಲಿ ಬೇರು ಬಿಟ್ಟ ಟಿಬೆಟನ್ ಸಮುದಾಯ. ಬೆಳಿಗ್ಗೆ ತ್ಸುಗ್ಲಗ್‌ಖಾಂಗ್, ಅಂದರೆ ದಲೈ ಲಾಮಾ ಅವರ ನಿವಾಸದ ಎದುರಿನ ಮುಖ್ಯ ದೇವಾಲಯ ಇರುವ ಗುಡ್ಡದ ಸುತ್ತಲಿನ ಕೋರಾ ಹಾದಿಯಲ್ಲಿ ಪ್ರದಕ್ಷಿಣೆ ಬನ್ನಿ. ಕಾಡಿನೊಳಗಿನ ಈ ಹಾದಿಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಜಪಮಾಲೆ ಹಿಡಿದ ಅಜ್ಜಿಯರು, ಅಜ್ಜಂದಿರು ಎಂಥ ಮಳೆಯಲ್ಲೂ ನಡೆಯುತ್ತಿರುತ್ತಾರೆ. ನಮ್ಮ ದೇವಸ್ಥಾನಗಳಂತೆಯೇ ಬಲಗಡೆಗೆ ಸುತ್ತಬೇಕು, ಸಾಲಾಗಿ ನಿಲ್ಲಿಸಿರುವ ಪ್ರಾರ್ಥನಾ ಚಕ್ರಗಳನ್ನು ಬಲಗೈಯಲ್ಲಿ ತಿರುಗಿಸುತ್ತ ಹೋಗಬೇಕು. ದಲೈ ಲಾಮಾ ಅವರು ಎಷ್ಟೋ ವರ್ಷ ಜುಲೈ, ಆಗಸ್ಟ್‌ನಲ್ಲಿ ಲಡಾಖ್‌ನಲ್ಲಿರುತ್ತಾರೆ. ಅವರ ದರ್ಶನವೇ ಮುಖ್ಯ ಉದ್ದೇಶವಾಗಿದ್ದರೆ ಅವರ ಕಚೇರಿ ಪ್ರಕಟಿಸುವ ಕಾರ್ಯಕ್ರಮಪಟ್ಟಿಯನ್ನು ಮೊದಲು ನೋಡಿ.

ದೇವಾಲಯದಿಂದ ಕೆಳಕ್ಕೆ ಗಂಗ್‌ಚೆನ್ ಕ್ಯಿಶೊಂಗ್ ಎಂಬಲ್ಲಿ ಟಿಬೆಟನ್ ಕೃತಿಗಳ ಗ್ರಂಥಾಲಯವಿದೆ. 1970ರಲ್ಲಿ ಸ್ಥಾಪನೆಯಾದ ಇದರಲ್ಲಿ ಟಿಬೆಟಿನಿಂದ ಹೊತ್ತು ತಂದ ಹಸ್ತಪ್ರತಿಗಳಿವೆ, ಬೌದ್ಧ ತತ್ತ್ವಶಾಸ್ತ್ರ ಮತ್ತು ಟಿಬೆಟನ್ ಭಾಷೆಯ ತರಗತಿಗಳು ನಡೆಯುತ್ತವೆ. ಅದೇ ಆವರಣದಲ್ಲಿ 2022ರಲ್ಲಿ ತೆರೆದ ಟಿಬೆಟ್ ವಸ್ತುಸಂಗ್ರಹಾಲಯವನ್ನು ನಿಧಾನವಾಗಿ ನೋಡಲು ಒಂದು ಮಧ್ಯಾಹ್ನ ಬೇಕು. ಇಂಗ್ಲಿಷ್ ಕಲಿಯುತ್ತಿರುವ ನಿರಾಶ್ರಿತರೊಂದಿಗೆ ಸಂಜೆ ಒಂದು ಗಂಟೆ ಮಾತನಾಡಲು ಯಾರಾದರೂ ಬರಬಹುದಾದ ಸ್ವಯಂಸೇವಾ ಕೂಟಗಳು ಪೇಟೆಯಲ್ಲಿವೆ, ಒಂಟಿಯಾಗಿ ಬಂದವರಿಗೆ ಊರು ಪರಿಚಯವಾಗಲು ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ದಾರಿ ಇಲ್ಲ. ಫೋರ್ಸಿತ್‌ಗಂಜ್ ದಾರಿಯ ದೇವದಾರುಗಳ ನಡುವೆ 1852ರ ಸೇಂಟ್ ಜಾನ್ ಚರ್ಚ್ ಇದೆ. 1863ರಲ್ಲಿ ಇಲ್ಲಿ ತೀರಿಕೊಂಡ ವೈಸರಾಯ್ ಲಾರ್ಡ್ ಎಲ್ಗಿನ್ ಅವರ ಸಮಾಧಿ ಅದರ ಅಂಗಳದಲ್ಲಿದೆ. ಮೋಡ ಸರಿದ ದಿನ ಕೆಳಗಿನ, ಟಿಬೆಟನ್ ಕಲೆ ಕಲಿಸುವ ನೋರ್ಬುಲಿಂಗ್ಕಾ ಸಂಸ್ಥೆಗೆ ಹೋಗಿ ತಂಗ್ಕಾ, ಅಂದರೆ ಬಟ್ಟೆಯ ಮೇಲಿನ ಬೌದ್ಧ ಚಿತ್ರ ಬರೆಯುವವರ ಪಕ್ಕದಲ್ಲಿ ನಿಂತು ನೋಡಬಹುದು. ಕೋತ್ವಾಲಿ ಬಜಾರಿನ ಕಾಂಗ್ರಾ ಕಲೆಯ ವಸ್ತುಸಂಗ್ರಹಾಲಯ, ಕಾಂಗ್ರಾ ಕೋಟೆ ಸಹ ಹಗಲು ಹೋಗಿ ಹಗಲೇ ಮರಳುವ ದೂರದಲ್ಲಿವೆ. ಧ್ಯಾನದ ಆಸಕ್ತಿ ಇದ್ದರೆ ಧರಮ್‌ಕೋಟ್‌ನ ವಿಪಶ್ಯನಾ ಕೇಂದ್ರದ ಹತ್ತು ದಿನಗಳ ಶಿಬಿರಕ್ಕೆ ಶುಲ್ಕವಿಲ್ಲ, ಮುಗಿದ ಮೇಲೆ ಇಷ್ಟವಿದ್ದಷ್ಟು ದಾನ ಕೊಡಬಹುದು. ಆದರೆ ಹೆಸರು ಬಹಳ ಮುಂಚೆಯೇ ನೋಂದಾಯಿಸಬೇಕು, ಮತ್ತು ಆ ಹತ್ತು ದಿನ ನಿಮ್ಮ ಫೋನು ನಿಮ್ಮ ಬಳಿ ಇರುವುದಿಲ್ಲ ಎಂಬುದನ್ನು ಮನೆಯವರಿಗೆ ಮೊದಲೇ ಹೇಳಬೇಕು.

ಕರ್ನಾಟಕದಿಂದ ಹೋದವರಿಗೆ ಈ ಊರಿನಲ್ಲಿ ಒಂದು ಅನಿರೀಕ್ಷಿತ ಸಲುಗೆ ದೊರೆಯುತ್ತದೆ. 1960ರ ದಶಕದಲ್ಲಿ ನಮ್ಮ ರಾಜ್ಯ ಕೊಟ್ಟ ಜಮೀನಿನಲ್ಲಿ ಬೈಲಕುಪ್ಪೆಯಲ್ಲೂ, ನಿಮ್ಮ ಊರಿನಿಂದ ಶಿರಸಿ ದಾಟಿದರೆ ಸಿಗುವ ಮುಂಡಗೋಡಿನಲ್ಲೂ ಟಿಬೆಟನ್ ವಸತಿಗಳು ನೆಲೆಗೊಂಡವು. ಸೆರಾ, ಡ್ರೆಪುಂಗ್, ಗಂದೆನ್ ಮಹಾವಿಹಾರಗಳು ಮರುಹುಟ್ಟು ಪಡೆದದ್ದು ಅಲ್ಲಿಯೇ. ಅಲ್ಲಿ ಓದಿದ ಭಿಕ್ಷುಗಳು, ಅಲ್ಲಿ ಹುಟ್ಟಿ ಬೆಳೆದವರು ಮೆಕ್ಲೋಡ್‌ಗಂಜ್‌ನ ಅಂಗಡಿ, ಹೋಟೆಲು, ಕಚೇರಿಗಳಲ್ಲಿ ಬಹಳ ಮಂದಿ ಇದ್ದಾರೆ. ಚಳಿಗಾಲದಲ್ಲಿ ನಮ್ಮ ಪೇಟೆಗಳಿಗೆ ಸ್ವೆಟರ್ ಮಾರಲು ಬಂದು ಹೋಗುವವರೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯವಳು ಎಂದು ನೀವು ಹೇಳಿದಾಗ ಎದುರಿನವರು ಸ್ವಚ್ಛ ಕನ್ನಡದಲ್ಲಿ ‘ಊಟ ಆಯ್ತಾ?’ ಎಂದು ಕೇಳಿದರೆ ಆಶ್ಚರ್ಯಪಡಬೇಡಿ. ಊಟಕ್ಕೂ ಇಂಥ ಕಡೆಯೇ ಹೋಗಿ: ದಾರಿಬದಿಯ ಚಿಕ್ಕ ಟಿಬೆಟನ್ ಊಟದ ಮನೆಗಳ ಒಂದು ಬಟ್ಟಲು ಬಿಸಿ ತುಕ್ಪಾ ಎಂಬ ನೂಡಲ್ಸ್ ಸಾರು, ಆವಿಯಲ್ಲಿ ಬೆಂದ ತಿಂಗ್ಮೋ ಬನ್ನು ಮಳೆಯ ಹೊತ್ತಿಗೆ ಹೊಟ್ಟೆಗೂ ಹಿತ, ಹಣಕ್ಕೂ ಹಿತ. ಸಸ್ಯಾಹಾರಿಯಾದರೆ ತರಕಾರಿ ಇದೆಯೇ ಎಂದಷ್ಟೇ ಕೇಳಿದರೆ ಸಾಲದು, ತುಕ್ಪಾದ ಸಾರು ಯಾವುದರದ್ದು ಎಂದೂ ಕೇಳಿ. ಬೆಟ್ಟದ ಜನರ ‘ಧಾಮ್’ ಊಟ, ಅಂದರೆ ಎಲೆಯ ಮೇಲೆ ಅನ್ನ, ಮೊಸರಿನ ಮದ್ರಾ, ಬೇಳೆ, ಹುಳಿ ಬಡಿಸುವ ಪಂಕ್ತಿ ಭೋಜನ, ಯಾವುದಾದರೂ ಗುಡಿಯಲ್ಲಿ ಸಿಕ್ಕರೆ ತಪ್ಪಿಸಿಕೊಳ್ಳಬೇಡಿ.

ಒಬ್ಬ ಹೆಣ್ಣುಮಗಳಾಗಿ ಸುರಕ್ಷತೆಯ ಪ್ರಶ್ನೆ ನೀವು ನೇರವಾಗಿ ಕೇಳಿಲ್ಲ, ಆದರೆ ಮನೆಯವರ ಮನಸ್ಸಿನಲ್ಲಿ ಅದೂ ಇದ್ದೇ ಇರುತ್ತದೆ. ಒಂಟಿಯಾಗಿ ಬರುವ ಮಹಿಳೆಯರು ಈ ಊರಿಗೆ ಹೊಸಬರಲ್ಲ, ಹಗಲಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಎಚ್ಚರ ಬೇಕಿರುವುದು ಕತ್ತಲಾದ ಮೇಲೆ ಧರಮ್‌ಕೋಟ್ ಕಾಡಿನ ರಸ್ತೆಯಲ್ಲಿ. ಮಂಜು, ಬೀದಿನಾಯಿಗಳು, ಅಪರೂಪಕ್ಕೆ ಕರಡಿ, ಇವುಗಳ ಜೊತೆಗೆ ಜನಸಂಚಾರವಿಲ್ಲದಿರುವುದೇ ಅಲ್ಲಿನ ತೊಂದರೆ. ಆದ್ದರಿಂದ ಕೋಣೆ ಅಲ್ಲಿ ಹಿಡಿದರೆ ಏಳು ಗಂಟೆಯೊಳಗೆ ಮರಳುವ ನಿಯಮ ಇಟ್ಟುಕೊಳ್ಳಿ, ಸಂಜೆ ಓಡಾಡುವ ಮನಸ್ಸಿದ್ದರೆ ಮೆಕ್ಲೋಡ್‌ಗಂಜ್ ಪೇಟೆಯಲ್ಲೇ ಕೋಣೆ ಹಿಡಿಯಿರಿ. ಹೊಸ ಪರಿಚಯದವರು ಕರೆದ ರಾತ್ರಿಯ ಕೂಟ, ಪೂರ್ವಯೋಜನೆಯಿಲ್ಲದ ಚಾರಣ ಬೇಡ. ಚರಸ್ ಅಲ್ಲಿ ಮಾಮೂಲಿ ಎಂದು ಯಾರು ಹೇಳಿದರೂ, 1985ರ ಮಾದಕವಸ್ತು ಕಾಯ್ದೆಯಡಿ ಅದನ್ನು ಇಟ್ಟುಕೊಂಡಿರುವುದೇ ಅಪರಾಧ.

ಮರಳುವ ದಿನದ ವಿಷಯದಲ್ಲಿ ಒಂದು ಕಟ್ಟುನಿಟ್ಟು ಇರಲಿ. ದೆಹಲಿಯಿಂದ ಬೆಂಗಳೂರಿನ ರೈಲು ಹೊರಡುವುದಕ್ಕೆ ಕನಿಷ್ಠ ಎರಡು ದಿನ ಮುಂಚೆ ಗುಡ್ಡ ಇಳಿದು ಪಠಾಣ್‌ಕೋಟ್ ಸೇರಿರಬೇಕು. ಆ ದಿನ ಕಿತ್ತಳೆ ಎಚ್ಚರಿಕೆ ಬರುವ ಲಕ್ಷಣ ಕಂಡರೆ ಇನ್ನೂ ಒಂದು ದಿನ ಮೊದಲೇ ಇಳಿಯಿರಿ. ದೆಹಲಿಯಲ್ಲಿ ಉಳಿಯಬೇಕಾದರೆ ಮಜ್ನು ಕಾ ಟೀಲಾದಲ್ಲಿ ಮಿತದರದ ಕೋಣೆಗಳು ಸಿಗುತ್ತವೆ. ದಾರಿ ಮುಚ್ಚಿ ರೈಲು ತಪ್ಪುವುದು ಖಚಿತವಾದರೆ ಸಾಧ್ಯವಾದಷ್ಟು ಮುಂಚೆಯೇ ಟಿಕೆಟ್ ರದ್ದು ಮಾಡಿ. ಕೆಲವು ದಿನ ಮುಂಚೆ ಮಾಡಿದರೆ ಬಹುಪಾಲು ಹಣ ವಾಪಸಾಗುತ್ತದೆ, ಹೊರಡುವ ಹೊತ್ತು ಹತ್ತಿರವಾದಷ್ಟೂ ಅದು ಕಡಿಮೆಯಾಗುತ್ತದೆ, ಕೊನೆಯ ಗಂಟೆಗಳಲ್ಲಿ ಏನೂ ಬಾರದು.

ಮನೆಯವರ ಕೈಗೆ ಹೊರಡುವ ಮೊದಲು ಒಂದು ಕಾಗದ ಕೊಡಿ: ತಂಗುವ ಜಾಗದ ಹೆಸರು ಮತ್ತು ಫೋನ್ ಸಂಖ್ಯೆ, ರೈಲುಗಳ ಸಂಖ್ಯೆ, ತುರ್ತಿಗೆ 112, ಹಿಮಾಚಲದ ವಿಪತ್ತು ನಿರ್ವಹಣಾ ಸಹಾಯವಾಣಿ 1070, ಜಿಲ್ಲೆಯದು 1077. ಹೊರ ರಾಜ್ಯದಿಂದ ಈ ಕೊನೆಯ ಎರಡಕ್ಕೆ ಕರೆ ಮಾಡುವಾಗ ಅಲ್ಲಿನ ಎಸ್‌ಟಿಡಿ ಸಂಖ್ಯೆ ಸೇರಿಸಬೇಕೆಂದೂ ಬರೆದುಕೊಡಿ. ಕೋಣೆ ಬದಲಾಯಿಸಿದ ದಿನವೇ ಹೊಸ ವಿಳಾಸ ಕಳುಹಿಸಿ. ದಿನವೂ ಒಂದು ಗೊತ್ತಾದ ಹೊತ್ತಿಗೆ ಕರೆ ಮಾಡಿ, ಆದರೆ ಒಂದು ಸಂಜೆ ಕರೆ ಬಾರದಿದ್ದರೆ ಅದು ಬಹುತೇಕ ನೆಟ್‌ವರ್ಕ್ ಹೋದದ್ದರಿಂದ ಇರುತ್ತದೆ ಎಂಬುದನ್ನು ಅವರಿಗೆ ಈಗಲೇ ತಿಳಿಸಿ. ಮರುದಿನ ಬೆಳಿಗ್ಗೆಯೂ ಸುದ್ದಿ ಇಲ್ಲದಿದ್ದರೆ ಮೊದಲು ಗೆಸ್ಟ್‌ಹೌಸಿಗೆ, ಅಲ್ಲಿಯೂ ಸಿಗದಿದ್ದರೆ ಜಿಲ್ಲಾ ಸಹಾಯವಾಣಿಗೆ ಕರೆ ಮಾಡಲಿ. ನಿಮ್ಮ ರಜೆಯನ್ನು ಸೆಪ್ಟೆಂಬರ್ ಮಧ್ಯದವರೆಗೆ ಮುಂದೂಡಲು ಹೊಸ ಕೆಲಸದವರು ಒಪ್ಪುವುದಾದರೆ, ಉತ್ತರೆ ಮಳೆಯ ಆ ಹೊತ್ತಿಗೆ ಅಲ್ಲಿ ಮೋಡ ತಿಳಿಯಾಗತೊಡಗಿರುತ್ತದೆ, ಆಗ ತ್ರಿಯುಂಡ್ ಬಗ್ಗೆ ಮತ್ತೆ ಬರೆಯಿರಿ.